ಕಲ್ಲಿಗೆ ಸಿಹಿನೀರು

ನೆಲದಿಂದ ತೆಗೆದ ಅದಿರನ್ನು ಎಲ್ಲಿ ಸಂಸ್ಕರಿಸಬೇಕು, ಅದು ಸಿಗುವ ಜಾಗದಲ್ಲೋ, ನೀರು ಸಿಗುವ ಜಾಗದಲ್ಲೋ? ಇದೊಂದು ಪ್ರಶ್ನೆ ಹಿಡಿದುಕೊಂಡು ನಾನು ಆ ಊರಿಗೆ ಹೋದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಗೆ ಸೇರಿತ್ತು. ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಗಡಿಯ ಒಂದು ಗುಡ್ಡದಲ್ಲಿ ಟಂಗ್‌ಸ್ಟನ್ ಇರುವ ಕಲ್ಲು ಸಿಕ್ಕಿತ್ತು. ಬಲ್ಬಿನೊಳಗಿನ ತಂತಿಗೆ, ಉಕ್ಕು ಕೊರೆಯುವ ಹತಾರಕ್ಕೆ, ಸೈನ್ಯದ ಸಾಮಾನಿಗೆ ಬೇಕಾಗುವ ಲೋಹ ಅದು. ಬಹುಪಾಲು ಹೊರದೇಶದಿಂದ ಬರುತ್ತಿತ್ತು. ಅವರು ಕೊಡುವುದು ನಿಲ್ಲಿಸಿದರೆ ನಾವು ಕೈಕಟ್ಟಿ ಕೂರಬೇಕು. ಹಾಗಾಗಿ ಇಲ್ಲೇ ತೆಗೆದು ಇಲ್ಲೇ ಶುದ್ಧ ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ‘ಇಲ್ಲೇ’ ಅಂದರೆ ಎಲ್ಲಿ ಎನ್ನುವುದನ್ನು ಮಾತ್ರ ಆದೇಶದಲ್ಲಿ ಬರೆದಿರಲಿಲ್ಲ.

ನಮ್ಮ ಮುಖ್ಯ ಎಂಜಿನಿಯರು ಗುಡ್ಡದ ಬುಡದಲ್ಲೇ ಆಗಬೇಕೆನ್ನುವ ಪಕ್ಷ. ಅವರ ಲೆಕ್ಕ ತಪ್ಪಲ್ಲ. ಒಂದು ಲಾರಿ ಕಲ್ಲು ಅರೆದರೆ ಕೈಗೆ ಬರುವುದು ಒಂದೆರಡು ಬುಟ್ಟಿಯಷ್ಟು ಅದಿರು, ಉಳಿದದ್ದೆಲ್ಲ ಬರೀ ಪುಡಿ. ಆ ಪುಡಿಯನ್ನು ಡೀಸೆಲ್ ಸುಟ್ಟು ಗಂಗಾವತಿಯ ತನಕ ಹೊತ್ತೊಯ್ಯುವುದು ಅವರಿಗೆ ಹುಚ್ಚುತನವಾಗಿ ಕಾಣುತ್ತಿತ್ತು. ಕಾಲುವೆ ಇದ್ದದ್ದು ಗಂಗಾವತಿಯ ಕಡೆಗೆ. ರೈಲು ಕೊಪ್ಪಳದಲ್ಲಿ. ಈ ಊರಿನಲ್ಲಿ ಇದ್ದದ್ದು ಕಲ್ಲು ಮತ್ತು ಒಂದು ದೊಡ್ಡ ಬಾವಿ. ಬಾವಿಯ ನೀರು ಈ ಕೆಲಸಕ್ಕೆ ಆಗುತ್ತದೋ ಇಲ್ಲವೋ ಎಂದು ಹೇಳುವುದು ರಸಾಯನಶಾಸ್ತ್ರ ಓದಿದ್ದ ನನ್ನ ಪಾಲಿಗೆ ಬಂತು.

ಉಳಿಯಲು ನನಗೆ ಊರ ಗೌಡರ ಮನೆಯಲ್ಲಿ ವ್ಯವಸ್ಥೆಯಾಗಿತ್ತು. ಒಂಟಿ ಹೆಣ್ಣುಮಗಳು ಕೆಲಸದ ಜಾಗದ ಶೆಡ್ಡಿನಲ್ಲಿ ಮಲಗುವುದು ಸರಿಯಲ್ಲವೆಂದು ಅವರೇ ಕರೆದುಕೊಂಡು ಹೋದರು. ಗೌಡರಿಗೆ ಅರವತ್ತು ದಾಟಿತ್ತು. ಮಂಡಿ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂರುವಾಗ ಒಂದು ಕಾಲನ್ನು ಮುಂದೆ ಚಾಚಿ ಇಳಿಯುತ್ತಿದ್ದರು. ಅವರ ಹೆಂಡತಿಯನ್ನು ಊರವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾತು ಕಡಿಮೆ, ಬಡಿಸುವುದು ಹೆಚ್ಚು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಬೇಳೆ ಮಾತ್ರ ತಟ್ಟೆಗೆ ಬಂದಾಗಲೆಲ್ಲ ಕಾಳುಕಾಳಾಗಿಯೇ ಇರುತ್ತಿತ್ತು.

ಶೀಲೈಟ್ ಎನ್ನುವ ಆ ಅದಿರಿಗೆ ಒಂದು ಗುಣವಿದೆ. ಕತ್ತಲಲ್ಲಿ ಅದರ ಮೇಲೆ ನೇರಳಾತೀತ ದೀಪ ಹಿಡಿದರೆ ನೀಲಿಬಿಳಿಯಾಗಿ ಹೊಳೆಯುತ್ತದೆ. ಬಂದ ಹೊಸತರಲ್ಲಿ ಊರವರು ಕೇಳಿದರೆಂದು ಕಂಬಳಿ ಹೊದ್ದು ಅದರೊಳಗೆ ಒಬ್ಬೊಬ್ಬರನ್ನೇ ಕರೆದು ತೋರಿಸಿದೆ. ಅವ್ವ ನೋಡಿ ಹೊರಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಗೌಡರು ಕಟ್ಟೆಯಲ್ಲಿದ್ದವರಿಗೆ, “ನಮ್ಮ ಗುಡ್ಡದಾಗ ಬೆಳಕ ಐತ್ರಿ. ಇಷ್ಟ ದಿನ ಅದರ ಮ್ಯಾಲ ಆಡು ಮೇಸಿದ್ವಿ,” ಅಂದರು. ಕಾರ್ಖಾನೆ ಬರುವ ಮಾತು ಅಂದಿನಿಂದ ಊರಲ್ಲಿ ಗಟ್ಟಿಯಾಯಿತು. ನಾನು ಬರುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಆದರೆ ದೀಪ ತೋರಿಸಿದ ಮೇಲೆ ಬಾಯಿಬಿಟ್ಟು ಹೇಳುವುದೇನು ಉಳಿಯುತ್ತದೆ?

ಬಾವಿಯ ಪಕ್ಕ ತಗಡಿನ ಶೆಡ್ಡು ಹಾಕಿ ಸಣ್ಣ ಪ್ರಯೋಗ ಘಟಕ ಕೂರಿಸಿದೆವು. ಕಲ್ಲನ್ನು ಮೊದಲು ಜಜ್ಜಿ, ಉಕ್ಕಿನ ಗುಂಡುಗಳಿದ್ದ ಪೀಪಾಯಿಯಲ್ಲಿ ನೀರಿನ ಜೊತೆ ತಿರುಗಿಸಿ ನುಣ್ಣಗೆ ಅರೆಯುವುದು. ಆ ರಾಡಿಯನ್ನು ತೊಟ್ಟಿಗೆ ಬಿಟ್ಟು ಸೋಡ, ಸಿಲಿಕೇಟು, ಓಲಿಯಿಕ್ ಆಮ್ಲ ಹಾಕಿ ಗಾಳಿ ಊದುವುದು. ಎಲ್ಲ ಸರಿಯಿದ್ದರೆ ಅದಿರಿನ ಕಣಗಳು ನೊರೆಗೆ ಅಂಟಿ ಮೇಲೆ ಬರುತ್ತವೆ, ಉಳಿದ ಪುಡಿ ಕೆಳಗೆ ಹೋಗುತ್ತದೆ. ಓಲಿಯಿಕ್ ಆಮ್ಲ ಎಂದರೆ ಸಾಬೂನಿನ ತಾಯಿ ಇದ್ದಂತೆ. ನೀರು ಗಡುಸಾದರೆ ಸಾಬೂನು ಒಡೆಯುವ ಹಾಗೆ ಇದೂ ಒಡೆಯುತ್ತದೆ. ಆ ಊರಿನಲ್ಲಿ ಮೊದಲ ಸಲ ತಲೆಸ್ನಾನ ಮಾಡಿ, ಕೂದಲಿಗೆ ಬಿಳಿ ಜಿಡ್ಡು ಮೆತ್ತಿಕೊಂಡು ಬಾಚಣಿಗೆ ಓಡದೆ ಇದ್ದಾಗಲೇ ನನಗೆ ಮುಂದಿನದ್ದರ ಸುಳಿವು ಸಿಕ್ಕಿತ್ತು.

ಬಾವಿ ನೀರಿನಲ್ಲಿ ನೊರೆ ಮೊಸರಿನಂತೆ ಗಟ್ಟಿಯಾಗಿ, ಕೈಗೆ ಅಂಟಂಟಾಗಿ ಬಂತು. ಅದರಲ್ಲಿ ಅದಿರಿಗಿಂತ ಸುಣ್ಣದ ಕಲ್ಲೇ ಹೆಚ್ಚು. ಆಮ್ಲ ಹೆಚ್ಚಿಸಿ ನೋಡಿದೆ, ಇನ್ನೂ ಕೆಟ್ಟಿತು. ಸೋಡ ಬೆರೆಸಿ ನೀರನ್ನು ಮೊದಲೇ ಮೆದು ಮಾಡಿದೆ. ಸ್ವಲ್ಪ ಸುಧಾರಿಸಿತು, ಆದರೆ ತೊಟ್ಟಿಯ ತಳದಲ್ಲಿ ಬಿಳಿ ಕೆಸರು ಮೊಣಕೈ ಮುಳುಗುವಷ್ಟು ಕೂತು ಪೈಪು ಕಟ್ಟಿತು. ಅದನ್ನು ಬಿಡಿಸಿದ್ದೇ ಒಂದು ಕೆಲಸವಾಯಿತು. ಬಳಸಿದ ನೀರನ್ನೇ ತಿಳಿಯಾಗಿಸಿ ಮತ್ತೆ ಬಳಸಿದಾಗ ಫಲಿತಾಂಶ ಪೂರ್ತಿ ನೆಲ ಕಚ್ಚಿತು. ಮುಖ್ಯ ಎಂಜಿನಿಯರು ಬಂದು ನೋಡಿ, “ಕಾಲುವೆ ನೀರು ತರಿಸಿ ಇದೇ ಕಲ್ಲಿಗೆ ಹಾಕಿ ನೋಡಿ. ದೋಷ ಕಲ್ಲಿನದೋ ನೀರಿನದೋ ಗೊತ್ತಾಗಲಿ,” ಅಂದರು.

ಹಾಗೆ ಟ್ಯಾಂಕರ್ ಬರತೊಡಗಿತು. ಗಂಗಾವತಿಯ ಹತ್ತಿರ ಎಡದಂಡೆ ಕಾಲುವೆಯಲ್ಲಿ ತುಂಬಿ, ಕನಕಗಿರಿ ದಾಟಿ, ದಾರಿಯುದ್ದಕ್ಕೂ ತುಳುಕಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಊರು ಸೇರುತ್ತಿತ್ತು. ಆ ನೀರಿನಲ್ಲಿ ನೊರೆ ಹಗುರವಾಗಿ, ಒಣಒಣವಾಗಿ ಎದ್ದಿತು. ದೋಷ ನೀರಿನದೇ ಎಂದು ಖಾತ್ರಿಯಾಯಿತು.

ತೊಂದರೆ ಶುರುವಾದದ್ದು ಆಮೇಲೆ. ಟ್ಯಾಂಕರಿನ ಶಬ್ದ ಕೇಳಿದೊಡನೆ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು. ಜಗಳವಿಲ್ಲ, ಗದ್ದಲವಿಲ್ಲ, ಸುಮ್ಮನೆ ಶೆಡ್ಡಿನ ನೆರಳಿನಲ್ಲಿ ನಿಲ್ಲುವುದು. ಮೊದಲ ದಿನ ಒಬ್ಬಾಕೆ ಕೇಳಿದಳು, “ಅಕ್ಕಾರ, ಒಂದ ಕೊಡ ಕೊಡ್ರಿ. ಬ್ಯಾಳಿ ಬೇಸಾಕ. ನಮ್ಮ ನೀರಾಗ ಬೇಯಂಗಿಲ್ಲರಿ.”

ಕೊಟ್ಟೆ. ಮರುದಿನ ಇನ್ನೂ ಹೆಚ್ಚು ಕೊಡಗಳು ಬಂದವು. ಕಲ್ಲಿಗೆ ಎಷ್ಟು ನೀರು ಹೋಯಿತು ಎನ್ನುವ ಲೆಕ್ಕ ತಪ್ಪಿತು, ಒಂದು ಇಡೀ ದಿನದ ಪ್ರಯೋಗ ನೀರು ಸಾಲದೆ ಅರ್ಧಕ್ಕೇ ನಿಂತಿತು. ಮುಖ್ಯ ಎಂಜಿನಿಯರು ಕಾಲುವೆ ನೀರು ತುಂಬಿಡುವ ತೊಟ್ಟಿಗೆ ಮುಚ್ಚಳ ಹಾಕಿಸಿ ಬೀಗ ಜಡಿಸಿದರು. ಬೀಗದ ಕೈ ನನ್ನ ಹತ್ತಿರ. ಬಾವಿ ನೀರಿನ ತೊಟ್ಟಿ ಎಂದಿನಂತೆ ತೆರೆದೇ ಇತ್ತು.

ಹೆಂಗಸರು ಮೂರು ನಾಲ್ಕು ದಿನ ಬಂದು ನಿಂತರು. ನಾನು ಮುಚ್ಚಳ ತೆಗೆದು, ಅಳೆದು, ಅರೆಯುವ ಪೀಪಾಯಿಗೆ ನೀರು ಬಿಟ್ಟು, ಮತ್ತೆ ಬೀಗ ಹಾಕುವುದನ್ನು ನೋಡುತ್ತಿದ್ದರು. ಕೊನೆಗೊಮ್ಮೆ ಅದೇ ಹೆಂಗಸು, ಸಿಟ್ಟಿಲ್ಲದೆ, ಬರೀ ತಿಳಿದುಕೊಳ್ಳುವ ಧ್ವನಿಯಲ್ಲಿ ಕೇಳಿದಳು, “ಕಲ್ಲಿಗೆ ಈ ನೀರು ಬೇಕೇ ಬೇಕೇನ್ರಿ? ಬಾವಿ ನೀರು ನಡೆಯಂಗಿಲ್ಲೇನು?”

“ನಡೆಯೋದಿಲ್ಲ. ಕೆಡುತ್ತೆ,” ಅಂದೆ.

“ಕಲ್ಲು ಕೆಡತೈತಿ,” ಎಂದು ತನ್ನ ಪಕ್ಕದವಳಿಗೆ ಹೇಳಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೋದಳು. ಆಮೇಲೆ ಯಾರೂ ಬರಲಿಲ್ಲ.

ಆ ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಗೌಡರ ಮಂಡಿ ಯಾಕೆ ಮಡಚುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಬಾವಿ ನೀರಿನಲ್ಲಿ ಸುಣ್ಣದ ಜೊತೆ, ಹಲ್ಲಿಗೆ ಕಲೆ ಹಿಡಿಸಿ ಕೀಲು ಬಿಗಿಸುವ ಫ್ಲೋರೈಡೂ ಇತ್ತು. ನನ್ನ ವರದಿಯಲ್ಲಿ ಅದಕ್ಕೊಂದು ಕಾಲಂ ಇತ್ತು, ಆದರೆ ನೊರೆ ಕೆಡಲು ಅದು ಕಾರಣವಲ್ಲವಾದ್ದರಿಂದ ಯಾರೂ ಅದರತ್ತ ನೋಡುತ್ತಿರಲಿಲ್ಲ. ಮನೆಗೆ ಬಂದರೆ ಅವ್ವ ಅದೇ ಬೇಯದ ಬೇಳೆ ಬಡಿಸುತ್ತಿದ್ದರು. ಒಂದು ದಿನವೂ ನೀರು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವರೆದುರು ಊಟಕ್ಕೆ ಕೂರುವಾಗ ನನಗೆ ಮುಖ ಎತ್ತಲಾಗುತ್ತಿರಲಿಲ್ಲ.

ಜಾಗ ನಿರ್ಧರಿಸಲು ಬೆಂಗಳೂರಿನಿಂದ ಸಮಿತಿ ಬರುವುದೆಂದು ಗೊತ್ತಾಯಿತು. ಅವರೆದುರು ಎರಡೂ ನೀರಿನಲ್ಲಿ ಕಲ್ಲು ಅರೆದು ತೋರಿಸಬೇಕು. ಬಾವಿ ನೀರಿಗೆ ಸೋಡ ಹಾಕಿ ಹೇಗಾದರೂ ನಡೆಸಬಹುದು ಎಂದು ವಾದಿಸಲು ಮುಖ್ಯ ಎಂಜಿನಿಯರು ತಯಾರಾಗಿದ್ದರು. ನನಗೆ ಆ ವಾದದಲ್ಲಿ ನಂಬಿಕೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಅವರೇ ತೀರ್ಮಾನಿಸುತ್ತಾರೆ, ನಾನು ಬಾಯಿ ಬಿಡುವ ಅಗತ್ಯವಿಲ್ಲ ಎಂದುಕೊಂಡಿದ್ದೆ.

ಸಮಿತಿಯವರು ಮೂವರು. ಅವರಲ್ಲಿ ಹಿರಿಯರಾದ ಲೋಹ ತಜ್ಞರೊಬ್ಬರು ಕೋಟು ಬಿಚ್ಚಿ ತೋಳು ಮಡಚಿ ನೇರವಾಗಿ ತೊಟ್ಟಿಯ ಹತ್ತಿರ ಬಂದರು. ಊರಿನ ಗಂಡಸರು ಶೆಡ್ಡಿನ ಹೊರಗೆ ಸಾಲಾಗಿ ನಿಂತಿದ್ದರು. ಗೌಡರು ಮುಂದೆ, ಹೆಗಲ ಮೇಲೆ ಮಡಿ ಟವೆಲು. ಬಾವಿ ನೀರಿನಿಂದಲೇ ಶುರು ಮಾಡಿದೆವು. ಗಾಳಿ ಬಿಟ್ಟೊಡನೆ ನೊರೆ ಏಳತೊಡಗಿತು. ನಾನು ಗಟ್ಟಿ ಮೊಸರಿಗಾಗಿ ಕಾಯುತ್ತಿದ್ದೆ. ಬಂದದ್ದು ಹಗುರವಾದ, ಒಣ ನೊರೆ. ತಜ್ಞರು ಬೆರಳಲ್ಲಿ ತೆಗೆದು ಉಜ್ಜಿ ನೋಡಿ, “ಇದು ಚೆನ್ನಾಗಿಯೇ ಇದೆಯಲ್ಲ. ನೀವು ವರದಿಯಲ್ಲಿ ಬರೆದ ಹಾಗಿಲ್ಲ,” ಅಂದರು. ಮುಖ್ಯ ಎಂಜಿನಿಯರ ಮುಖ ಅರಳಿತು. “ಸೋಡದ ಪ್ರಮಾಣ ಈಗ ಸರಿ ಹೊಂದಿದೆ, ಸರ್.”

ಅಂದು ನಾನು ಸೋಡವನ್ನು ಹಿಂದಿನಷ್ಟೇ ಹಾಕಿದ್ದೆ.

ನೀರಿನ ಗಡಸುತನ ಅಳೆಯುವ ಪರೀಕ್ಷೆ ಸರಳ. ನೀರಿಗೆ ಒಂದು ಬಣ್ಣ ಹಾಕಿದರೆ ದ್ರಾಕ್ಷಿಯ ಕೆಂಪಾಗುತ್ತದೆ, ಮೇಲಿಂದ ಅಳತೆಯ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಕೊನೆಗೆ ನೀಲಿಗೆ ತಿರುಗುತ್ತದೆ. ನೀರು ಗಡುಸಾದಷ್ಟೂ ಹೆಚ್ಚು ಹನಿ ಬೇಕು. ಬಾವಿ ನೀರಿನ ತೆರೆದ ತೊಟ್ಟಿಯಿಂದ ಒಂದು ಲೋಟ ತಂದು ಮೂಲೆಯ ಮೇಜಿನಲ್ಲಿ ಶುರು ಮಾಡಿದೆ. ದ್ರಾವಣದ ನಲ್ಲಿ ತಿರುಗಿಸಿ ಕೈ ತೆಗೆಯುವಷ್ಟರಲ್ಲಿ ನೀರು ನೀಲಿಯಾಯಿತು. ಅದು ಬಾವಿಯ ನೀರಲ್ಲ.

ಮುಖ್ಯ ಎಂಜಿನಿಯರನ್ನು ಪಕ್ಕಕ್ಕೆ ಕರೆದು ಗಾಜಿನ ಪಾತ್ರೆ ತೋರಿಸಿದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪಾತ್ರೆಯನ್ನು ನನ್ನ ಕೈಯಿಂದ ತೆಗೆದು ಮೇಜಿನ ಕೆಳಗಿಟ್ಟರು. “ಅವರು ಊಟ ಮಾಡಿ ಹೋಗಲಿ. ಆಮೇಲೆ ನೋಡೋಣ,” ಎಂದು ತಜ್ಞರ ಹತ್ತಿರ ಹೋದರು.

ನಾನು ಹೊರಗೆ ಬಂದೆ. ಗೌಡರು ನನ್ನ ಮುಖ ನೋಡಿದವರೇ ಗುಂಪು ಬಿಟ್ಟು ಬಾವಿಯ ಕಡೆ ನಡೆದರು. ನಾನೂ ಹಿಂದೆ ಹೋದೆ.

“ತೊಟ್ಟಿಯಲ್ಲಿರೋದು ಕಾಲುವೆ ನೀರು,” ಅಂದೆ.

“ಹೌದು ತಂಗಿ.” ಅವರು ಮರೆಮಾಚಲಿಲ್ಲ. “ನಿನ್ನಿ ಸಂಜಿಕ ನಾವ ತರಿಸಿ ಹಾಕೇವಿ. ಬಾವಿ ನೀರು ಹೊರಗ ಬಿಟ್ಟು. ಊರು ಕೂತು ಮಾತಾಡಿ ಮಾಡಿದ್ದು. ಟ್ಯಾಂಕರಿನವನ್ನ ಬೈಬ್ಯಾಡ, ಅಂವ ಒಲ್ಲೆ ಅಂದಿದ್ದ.”

“ಯಾಕೆ ಹೀಗೆ ಮಾಡಿದಿರಿ?”

“ನಮ್ಮ ನೀರು ಸುಮಾರ ಐತಿ ಅಂತ ಫ್ಯಾಕ್ಟರಿ ಬ್ಯಾರೆ ಕಡೆ ಹೊಂಟೈತಿ ಅಂತ ಕೇಳಿದ್ವಿ. ಬಂದ್ರ ಅದರ ಸಲುವಾಗಿ ಸರಕಾರ ಇವತ್ತಲ್ಲ ನಾಳಿ ಕಾಲವಿ ನೀರು ಪೈಪಿನಾಗ ತರ್ತೈತಿ. ಅದರಾಗ ಊರಿಗೆ ಒಂದ ನಳ ಕೊಡ್ತಾರ. ನಂದ ಮಂಡಿ ಹೋತು. ಹುಡುಗುರ್ದು ಉಳಿಲಿ ಅಂತ.”

ಕೆಲಸಕ್ಕಾಗಿ, ಕೂಲಿಗಾಗಿ ಕಾರ್ಖಾನೆ ಬೇಕೆನ್ನುತ್ತಿದ್ದಾರೆ ಎಂದು ಅಷ್ಟು ದಿನ ತಿಳಿದಿದ್ದೆ. ಅವರು ಕೇಳುತ್ತಿದ್ದದ್ದು ನಾನು ಬೀಗ ಹಾಕಿದ್ದನ್ನೇ.

“ಗೌಡ್ರೇ,” ಅಂದೆ, “ಬಾವಿ ನೀರೇ ಸಾಕು ಅಂತ ಇವತ್ತು ಬರೆದುಕೊಂಡು ಹೋದರೆ ಅವರು ಪೈಪು ಯಾಕೆ ಹಾಕ್ತಾರೆ? ನಿಮ್ಮ ಬಾವಿಗೇ ಪಂಪು ಇಡ್ತಾರೆ. ಹಗಲೂ ರಾತ್ರಿ ಎತ್ತಿದರೆ ಈ ಬಾವಿ ಎಷ್ಟು ದಿನ ಬಂದೀತು?”

ಅವರು ಬಾವಿಯೊಳಗೆ ನೋಡುತ್ತ ನಿಂತರು. ಈ ಮಗ್ಗುಲನ್ನು ಅವರು ಯೋಚಿಸಿರಲಿಲ್ಲ. ಇಡೀ ಊರು ಕೂತು ಮಾಡಿದ ಯೋಜನೆ ನನ್ನ ನಾಲ್ಕು ಮಾತಿಗೆ ಕುಸಿಯುವುದನ್ನು ಅವರ ಬಾಗಿದ ಕುತ್ತಿಗೆಯಲ್ಲಿ ಕಂಡೆ. “ಇದನ್ನ ಮೊದಲ ಹೇಳಬೇಕಿತ್ತವಾ ನೀನು,” ಅಂದರು. ಆರೋಪವಿರಲಿಲ್ಲ ಆ ಮಾತಿನಲ್ಲಿ. ದಿನಾ ಒಂದೇ ಮನೆಯಲ್ಲಿ ಉಂಡವರ ನಡುವೆ ಇಷ್ಟು ಮಾತು ಆಗಬಹುದಿತ್ತಲ್ಲ ಎನ್ನುವ ಅಚ್ಚರಿ ಮಾತ್ರ.

“ನಾನೇ ಈಗ ಹೋಗಿ ಹೇಳ್ತೀನಿ,” ಅಂದೆ.

“ಬ್ಯಾಡ. ನಿನ್ನ ಸಾಹೇಬರ ಮುಂದ ನೀ ಯಾಕ ಕೆಟ್ಟಾಕಿ ಆಗತಿ. ಮಾಡಿದವರು ನಾವು. ನಾನ ಹೇಳ್ತೀನಿ.”

ತಡೆಯುವಷ್ಟರಲ್ಲಿ ಅವರು ಶೆಡ್ಡಿನೊಳಗೆ ಹೋಗಿದ್ದರು. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ತಜ್ಞರ ಮುಂದೆ ನಿಂತು, “ಸಾಹೇಬ್ರ, ಈ ನೀರು ನಮ್ಮ ಬಾವೀದಲ್ರಿ. ಕಾಲವೀದು. ನಮ್ಮ ಊರವರು ತಂದು ಹಾಕೀವಿ. ಈ ಹೆಣ್ಣಮಗಳದಾಗಲಿ, ಇವರದಾಗಲಿ ಏನೂ ತಪ್ಪಿಲ್ರಿ,” ಅಂದರು.

ಸಮಿತಿಯ ಉಳಿದ ಇಬ್ಬರಲ್ಲಿ ಒಬ್ಬರು ನಕ್ಕರು. “ಭಲೇ ಜಾಣರಿದ್ದೀರಲ್ಲ,” ಅಂದರು. ಆ ನಗು ಕೆಟ್ಟದ್ದೇನಲ್ಲ, ಮಕ್ಕಳ ಕಳ್ಳಾಟ ಸಿಕ್ಕಿಬಿದ್ದಾಗ ದೊಡ್ಡವರು ನಗುವಂಥದ್ದು. ಹೊರಗೆ ನಿಂತಿದ್ದ ಗಂಡಸರು ನೆಲ ನೋಡತೊಡಗಿದರು. ಮುಖ್ಯ ಎಂಜಿನಿಯರು, “ಸರಕಾರಿ ಕೆಲಸದಲ್ಲಿ ಮೋಸ ಮಾಡಿದರೆ ಏನಾಗುತ್ತೆ ಗೊತ್ತಾ?” ಎಂದು ಧ್ವನಿ ಏರಿಸಿದರು. ಅರವತ್ತು ದಾಟಿದ ಮನುಷ್ಯ, ಊರಿಗೆ ಹಿರಿಯ, ತನ್ನ ಜನರೆದುರು ಟವೆಲು ಹಿಡಿದು ನಿಂತಿದ್ದಾರೆ. ನಾನು ಮೇಜಿಗೆ ಒರಗಿ ನಿಂತಿದ್ದೆ.

ಮೇಜಿನ ಕೆಳಗಿನ ಪಾತ್ರೆಯನ್ನು ತೆಗೆದು ಮೇಲಿಟ್ಟೆ. ತಜ್ಞರು ಅದರ ಬಣ್ಣ ನೋಡಿ, ಆಮೇಲೆ ನನ್ನನ್ನು ನೋಡಿ, “ಹಾಗಾದರೆ ನಿಮ್ಮ ಅಭಿಪ್ರಾಯ ಏನು?” ಎಂದು ಕೇಳಿದರು.

“ಈ ಬಾವಿ ನೀರಿನಲ್ಲಿ ಘಟಕ ನಡೆಯೋದಿಲ್ಲ, ಸರ್. ಸೋಡ ಹಾಕಿದರೂ ನಡೆಯೋದಿಲ್ಲ. ಇಲ್ಲೇ ಮಾಡಬೇಕಾದರೆ ಕಾಲುವೆ ನೀರು ಪೈಪಿನಲ್ಲಿ ಬರಬೇಕು. ಬಂದರೆ ಅದರಲ್ಲೊಂದು ಪಾಲು ಊರಿಗೆ ಕುಡಿಯಲು ಕೊಡಬೇಕು. ಇವರ ಕುಡಿಯುವ ನೀರೂ ಸರಿಯಿಲ್ಲ, ಅದರ ಅಂಕಿಯೂ ನನ್ನ ವರದಿಯಲ್ಲಿದೆ. ಪೈಪನ್ನೂ ಒಂದು ಆಯ್ಕೆಯಾಗಿ ಬರೆದುಕೊಳ್ಳಬೇಕು.”

ಮುಖ್ಯ ಎಂಜಿನಿಯರು ನನ್ನತ್ತ ನೋಡಲೇ ಇಲ್ಲ. ತಜ್ಞರು ಬರೆದುಕೊಂಡರು. ಬರೆಯುತ್ತಲೇ, “ಬರೆಯೋಣ. ಆದರೆ ನಾವು ಬಂದಿರೋದು ಕುಡಿಯೋ ನೀರಿನ ಯೋಜನೆಗೆ ಅಲ್ಲ,” ಅಂದರು. ಕಟುವಾಗಿ ಹೇಳಲಿಲ್ಲ. ಹೊರಟು ನಿಂತಾಗ ಗೌಡರ ಮನೆಯಲ್ಲಿ ಮಾಡಿಸಿದ್ದ ಊಟಕ್ಕೆ ಸಮಯವಿಲ್ಲವೆಂದು ಮೂವರೂ ಜೀಪು ಹತ್ತಿದರು. ಮಾಡಿದ್ದ ಹೋಳಿಗೆಯನ್ನು ಅವ್ವ ಓಣಿಯ ಮಕ್ಕಳಿಗೆ ಹಂಚಿದರು. ನನ್ನ ತಟ್ಟೆಗೂ ಎರಡು ಬಿದ್ದವು.

ಘಟಕ ಕಳಚುವ ದಿನ ಕಾಲುವೆ ನೀರಿನ ತೊಟ್ಟಿಯಲ್ಲಿ ಅರ್ಧದಷ್ಟು ಉಳಿದಿತ್ತು. ಬೀಗ ತೆಗೆದು, ಮುಚ್ಚಳ ಸರಿಸಿ, ಯಾರು ಬೇಕಾದರೂ ಒಯ್ಯಬಹುದೆಂದು ಊರಿಗೆ ಹೇಳಿ ಕಳಿಸಿದೆ. ಮಧ್ಯಾಹ್ನದವರೆಗೂ ಕಾದೆ. ಯಾರೂ ಬರಲಿಲ್ಲ. ಕೂಲಿಯವರು ತೊಟ್ಟಿ ಬಿಚ್ಚುವಾಗ ನೀರನ್ನು ನೆಲಕ್ಕೆ ಬಿಟ್ಟರು.

ಕೆಲವು ತಿಂಗಳ ಮೇಲೆ ತೀರ್ಮಾನ ಬಂತು. ಪೈಪಿಗೆ ಆಗುವ ಖರ್ಚು ಯೋಜನೆ ಹೊರಲಾರದು. ಅದಿರು ಲಾರಿಯಲ್ಲಿ ಕಾಲುವೆಯ ದಂಡೆಗೆ ಬರಲಿ. ಗಂಗಾವತಿಯ ಆಚೆ, ಗದ್ದೆಗಳ ಪಕ್ಕದ ಎತ್ತರದ ಜಾಗದಲ್ಲಿ ಸಂಸ್ಕರಣ ಘಟಕ ಎದ್ದಿತು. ನನ್ನನ್ನು ಅಲ್ಲಿಗೇ ಹಾಕಿದರು. ಗುಡ್ಡ ಒಡೆಯುವ ಕೆಲಸದಲ್ಲಿ ಆ ಊರಿನ ಕೆಲವರಿಗೆ ಕೂಲಿ ಸಿಕ್ಕಿತು ಎನ್ನುವುದನ್ನು ಮುಖ್ಯ ಎಂಜಿನಿಯರು ಒಂದೆರಡು ಸಲ ನನಗೆ ಹೇಳಿದರು, ಸಮಾಧಾನ ಮಾಡುವ ಹಾಗೆ. ನೊರೆ ಮೊದಲ ದಿನದಿಂದಲೂ ಚೆನ್ನಾಗಿ ಬಂತು. ಬರಲೇಬೇಕಿತ್ತು.

ಒಂದು ದಿನ ಮಧ್ಯಾಹ್ನ ಕಾವಲುಗಾರ ಬಂದು, “ಮೇಡಂ, ನಿಮ್ಮ ತಂದಿಯವರು ಬಂದಾರ್ರಿ. ಲಾರ್ಯಾಗ,” ಅಂದ. ನನ್ನ ತಂದೆ ತೀರಿಹೋಗಿ ವರ್ಷಗಳಾಗಿದ್ದವು. ಗೇಟಿಗೆ ಹೋಗಿ ನೋಡಿದರೆ ಗೌಡರು ಚಾಲಕನ ಪಕ್ಕದಿಂದ ಕಾಲು ಚಾಚಿ, ನಿಧಾನವಾಗಿ ಇಳಿಯುತ್ತಿದ್ದರು. “ನಮ್ಮ ಹೆಣ್ಣಮಗಳು ಒಳಗ ಅದಾಳ ಅಂದೆ, ಬಿಟ್ಟ,” ಎಂದು ಕಾವಲುಗಾರನ ಕಡೆ ತೋರಿಸಿದರು. “ನಮ್ಮ ಕಲ್ಲು ಎಲ್ಲಿಗೆ ಹೋಗ್ತೈತಿ ಅಂತ ನೋಡ್ಬೇಕು ಅನಿಸಿತು.”

ಎಲ್ಲವನ್ನೂ ತೋರಿಸಿದೆ. ಅರೆಯುವ ಪೀಪಾಯಿಗಳ ಸದ್ದಿಗೆ ಅವರು ಕಿವಿ ಮುಚ್ಚಿಕೊಳ್ಳಲಿಲ್ಲ. ನೊರೆಯನ್ನು ಬಗ್ಗಿ ನೋಡಿದರು. ಒಣಗಿದ ಅದಿರನ್ನು ಅಂಗೈಯಲ್ಲಿ ಹಿಡಿದು ತೂಗಿ, “ಸಣ್ಣದಿದ್ರೂ ಭಾಳ ವಜ್ಜಿ ಐತಿ,” ಅಂದರು. ಆಮೇಲೆ ಕಾಲುವೆಯ ದಂಡೆಗೆ ಹೋದೆವು. ನೀರು ಅಂಚಿನ ತನಕ ತುಂಬಿ ಹರಿಯುತ್ತಿತ್ತು. ಅವರು ಮೆಟ್ಟಿಲಿಳಿಯಲು ಆಗದೆ ಮೇಲೇ ನಿಂತರು. ನಾನು ಇಳಿದು ತಂಬಿಗೆಯಲ್ಲಿ ತಂದುಕೊಟ್ಟೆ. ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, “ಛಲೋ ಐತಿ,” ಅಂದರು.

ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಆಗ ಹೇಳಿದೆ. “ಲಾರಿಗಳು ಇಲ್ಲಿಂದ ಖಾಲಿ ಹೋಗ್ತವೆ ಗೌಡ್ರೇ. ನಾನು ಮೇಲಿನವರನ್ನು ಕೇಳ್ತೀನಿ. ದಿನಕ್ಕೆ ಎರಡು ಮೂರು ಬ್ಯಾರೆಲ್ ನೀರು ಹಾಕಿ ಕಳಿಸಬಹುದು.”

ಅವರು ಬೇಡವೆಂದು ತಲೆ ಅಲ್ಲಾಡಿಸಿದರು. “ಎಷ್ಟ ಮನಿಗೆ ಆದೀತು ಅದು? ಒಬ್ಬರಿಗೆ ಸಿಕ್ಕು ಒಬ್ಬರಿಗೆ ಸಿಗದಿದ್ರ ದಿನಾ ಜಗಳ. ಕಲ್ಲು ಹೇರೋ ಲಾರಿ ದಾರಿ ಕಾಯ್ಕೋತ ನಮ್ಮ ಹೆಣ್ಣಮಕ್ಕಳು ಮತ್ತ ಕೊಡ ಹಿಡಕೊಂಡು ನಿಲ್ಲೂದು ಬ್ಯಾಡ. ನೀ ಅದನ್ನ ಮನಸಿಗೆ ಹಚ್ಚಿಕೋಬ್ಯಾಡ.”

ಊಟಕ್ಕೆ ಕರೆದೆ. ಕಟ್ಟಿಸಿಕೊಂಡು ಬಂದ ರೊಟ್ಟಿಯನ್ನು ದಾರಿಯಲ್ಲೇ ತಿಂದೆನೆಂದರು. ನನ್ನ ಪಾಲಿನದೆಂದು ಒಂದು ಗಂಟು ಗುರೆಳ್ಳು ಚಟ್ನಿಪುಡಿ ಕೊಟ್ಟರು. ಲಾರಿ ಕಲ್ಲು ಸುರಿದು ಬಂದು ಗೇಟಿನಲ್ಲಿ ಹಾರನ್ ಹಾಕಿತು. ಗೌಡರು ಹತ್ತಿ ಕೂತು, ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಕಿಟಕಿಯಿಂದ ಬಗ್ಗಿ ಕೇಳಿದರು, “ಅವ್ವಗ ಏನರ ಹೇಳೂದೈತೇನು?”

ಏನು ಹೇಳಲಿ? ನೆನಪಿದೆ ಅನ್ನಲೇ, ಬರುತ್ತೇನೆ ಅನ್ನಲೇ, ಕ್ಷಮಿಸಿ ಅನ್ನಲೇ? ಲಾರಿಯ ಎಂಜಿನ್ ಓಡುತ್ತಿತ್ತು, ಚಾಲಕ ನನ್ನನ್ನೇ ನೋಡುತ್ತಿದ್ದ. ನಾನು ಬಾಗಿಲಿನ ಹಿಡಿಕೆ ಹಿಡಿದು ನಿಂತೆ.

ಗೌಡರು ನನಗೆ ಕಷ್ಟವಾಗದಿರಲೆಂದು ಕಣ್ಣನ್ನು ರಸ್ತೆಯ ಕಡೆ ತಿರುಗಿಸಿಕೊಂಡರು. “ಇರಲಿ ಬಿಡು. ಆರಾಮ ಅದಾಳ ಅಂತ ಹೇಳ್ತೀನಿ,” ಅಂದರು.